ಬಟ್ಟಲಿನ ಅಳತೆ ಮೈನಸ್ ಐವತ್ತು

"ನಿಮಗೆ ಸ್ವಲ್ಪವಾದರೂ ನಾಚಿಕೆ ಉಂಟಾ?"

ಚೈತನ್ಯಾ ಡಸ್ಟರನ್ನು ಮೇಜಿಗೆ ಕುಟ್ಟಿದಳು. ಚಾಕ್‌ಪುಡಿ ಎದ್ದು ಅವಳ ಮೂಗಿಗೇ ಹೊಕ್ಕಿತು. ಎರಡು ಸಲ ಕೆಮ್ಮಿ, ಕಣ್ಣೊರೆಸಿಕೊಂಡು, ಬಾಗಿಲಲ್ಲಿ ನಿಂತಿದ್ದ ಗಂಡಸಿನತ್ತ ಮತ್ತೆ ಬೆರಳು ಚಾಚಿದಳು.

"ಮೂರು ತಿಂಗಳಿಂದ ಡೈರಿಯಲ್ಲಿ ಬರೀತಾ ಇದ್ದೇನೆ, ಬಂದು ಭೇಟಿಯಾಗಿ ಅಂತ! ಈಗ ಬರ್ತೀರಾ? ಬೋರ್ಡ್ ಎಕ್ಸಾಮಿಗೆ ಆರು ವಾರ ಇರುವಾಗ? ಅನುಷ್ಕಾಗೆ ಪ್ರಿಲಿಮ್‌ನಲ್ಲಿ ಎಷ್ಟು ಬಂತು, ಗೊತ್ತುಂಟಾ? ನಲವತ್ತಕ್ಕೆ ಒಂಬತ್ತು! ಒಂಬತ್ತು!"

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಎದೆಗೆ ಒತ್ತಿಕೊಂಡ.

"ಮನೆಯಲ್ಲಿ ಟಿವಿ ಬಂದ್ ಮಾಡ್ಲಿಕ್ಕೆ ಆಗೋದಿಲ್ವಾ? ಮಗಳು ಏನು ಓದ್ತಾಳೆ ಅಂತ ಒಂದು ದಿನವಾದ್ರೂ ಕೂತು ನೋಡಿದ್ದೀರಾ?"

ಹತ್ತನೆಯ ಕ್ಲಾಸಿನ ಮಗಳಿರುವಷ್ಟು ವಯಸ್ಸು ಇವನಿಗೆ ಆಗಿದೆಯೇ ಎಂದು ನೋಡುವ ವ್ಯವಧಾನ ಆ ಕೋಪಕ್ಕೆಲ್ಲಿ? ಡೊಂಬಿವಲಿ ಪೂರ್ವದ ಆ ಗಲ್ಲಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಒಂದೇ ಕೋಣೆಯಲ್ಲಿ, ಬೆಳಗಿನಿಂದ ನಾಲ್ಕು ಬ್ಯಾಚಿಗೆ ಸಮೀಕರಣ ಕಲಿಸಿ ಗಂಟಲು ಹರಿದುಕೊಂಡ ಹುಡುಗಿ ಅವಳು. ಇಪ್ಪತ್ತಾರು ವರ್ಷ, ಎಂಎಸ್ಸಿ, ಕೋಪ ಮೂಗಿನ ತುದಿಯಲ್ಲೇ. ಹತ್ತು ನಿಮಿಷ ಬೈದಳು. ಅವನು ಹತ್ತು ನಿಮಿಷವೂ ಶ್ರದ್ಧೆಯಿಂದ ಬೈಸಿಕೊಂಡ.

"ಏನಾದ್ರೂ ಹೇಳಿ! ಬಾಯಿ ಇಲ್ವಾ ನಿಮಗೆ? ನೀವು ಅನುಷ್ಕಾನ ಪಪ್ಪ ತಾನೇ?"

"ಅಲ್ಲ," ಎಂದ ಅವನು. "ನನಗೆ ಮದುವೆ ಆಗ್ಲಿಲ್ಲ."

ಕೆಳಗೆ ಗಿರಣಿ ಗಡಗಡ ಎನ್ನುತ್ತಿತ್ತು. ಚೈತನ್ಯಾಳಿಗೆ ಆ ಗಿರಣಿಯೊಳಗೇ ಹಾರಿಬಿಡಬೇಕು ಅನ್ನಿಸಿತು.

"ಮತ್ತೆ... ಮೊದಲೇ ಯಾಕೆ ಹೇಳ್ಲಿಲ್ಲ ನೀವು?"

"ನೀವು ಕೇಳ್ಲಿಲ್ಲ ಅಲ್ವಾ ಟೀಚರ್."

ಇದು 2011ರ ಜನವರಿಯ ಒಂದು ಸೋಮವಾರದ ಸಂಜೆ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ನಾಲ್ಕು ವಾರ ಚೈತನ್ಯಾಳ ತಲೆ ಕೆಟ್ಟು ಕೆರ ಹಿಡಿದದ್ದು ಇದೇ ಮಾತಿನಿಂದ.

* * *

ಅವನ ಹೆಸರು ಲತೇಶ್. ಠಾಣೆಯ ಕೋಪರಿಯಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷದ ದಾರಿಯಲ್ಲಿ, ಅವನ ತಂದೆ ಪ್ರೇಮನಾಥರದ್ದು ಎಂಟು ಟೇಬಲಿನ ಒಂದು ಹೋಟೆಲ್. ಲತೇಶನ ಚಿಕ್ಕಪ್ಪನ ಹೆಂಡತಿ ನಳಿನಾಕ್ಷಿ ಡೊಂಬಿವಲಿಯ ಭಜನಾ ಮಂಡಳಿಯಲ್ಲಿ ಚೈತನ್ಯಾಳ ತಾಯಿ ಜಯಲತಾರ ಪಕ್ಕದಲ್ಲೇ ಕೂತು ತಾಳ ಹಾಕುವವರು. "ಜಯಲತಕ್ಕನ ಮಗಳು ಲೆಕ್ಕದಲ್ಲಿ ಹುಲಿ, ಹೋಗಿ ಕೇಳು" ಎಂದು ಕಳಿಸಿದವರೂ ಅವರೇ. ಹುಲಿ ಬಾಗಿಲಲ್ಲೇ ಹಾರಿಬೀಳುತ್ತದೆ ಎಂದು ಮಾತ್ರ ಹೇಳಿರಲಿಲ್ಲ.

ಇಷ್ಟು ವಿಷಯ ಹೊರಡಿಸಲು ಚೈತನ್ಯಾ ಹದಿನಾಲ್ಕು ಪ್ರಶ್ನೆ ಕೇಳಬೇಕಾಯಿತು. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ? ಹಾಗಾದರೆ ಇವನ ಹತ್ತಿರ ಬಂಗಾರದ ಗಣಿಯೇ ಇತ್ತು!

"ಚೀಲದಲ್ಲಿ ಎಂತ ಉಂಟು?" ಇದು ಹದಿನೈದನೆಯದು.

ಅವನು ಒಂದು ಹಳೆಯ ನೋಟುಬುಕ್ಕು ತೆಗೆದ. ಎಣ್ಣೆ ಹೀರಿ ಹಳದಿಯಾದ ಹಾಳೆ, ಪೆನ್ಸಿಲಿನ ದಪ್ಪ ಅಕ್ಷರ.

"ಅಕ್ಕಜ್ಜಿಯದ್ದು. ನನ್ನ ಅಪ್ಪನ ಅಮ್ಮ. ಅಕ್ಕು ಅಂತ ಹೆಸರು. ನಮ್ಮ ಹೋಟೆಲಿನ ಸಾರಿನ ಪುಡಿ ನಲವತ್ತು ವರ್ಷ ಅವರೇ ಮಾಡಿದ್ದು. ಹೋದ ವರ್ಷ ತೀರಿಹೋದರು."

ಅಲ್ಲಿಗೆ ನಿಲ್ಲಿಸಿದ. ಚೈತನ್ಯಾ ಕಾದಳು. ಅವನೂ ಕಾದ.

"ಮುಂದೆ?" ಅವಳು ಹಲ್ಲು ಕಚ್ಚಿಕೊಂಡು ಕೇಳಿದಳು.

ಮುಂದಿನದು ಹೀಗೆ. ಅಕ್ಕಜ್ಜಿ ಪುಡಿಯ ಅಳತೆಯನ್ನು ಬೇರೆ ಯಾರ ಕೈಗೂ ಬಿಟ್ಟವರಲ್ಲ. ಬರೆದಿಟ್ಟದ್ದು ಚೊಂಬು, ಲೋಟ, ಬಟ್ಟಲು ಎಂಬ ಲೆಕ್ಕದಲ್ಲಿ. ಅವರು ತೀರಿಹೋದ ಮೇಲೆ ಕೋಪರಿಯ ಹಳೇ ಮನೆ ಬಿಟ್ಟು ಘೋಡಬಂದರ್ ರಸ್ತೆಯ ಹೊಸ ಫ್ಲ್ಯಾಟಿಗೆ ಹೋಗುವಾಗ, ಸಹಾಯಕ್ಕೆ ಬಂದ ನಳಿನಾಕ್ಷಿ ಚಿಕ್ಕಮ್ಮ ಆ ಮೂರೂ ಪಾತ್ರೆಗಳನ್ನು, ಹಳೇ ಸೀರೆ ಪಾತ್ರೆ ತೆಗೆದುಕೊಂಡು ಹೊಸತು ಕೊಡುವ ಭಾಂಡಿವಾಲಿಯ ಬುಟ್ಟಿಗೆ ಹಾಕಿದರು. ಬದಲಿಗೆ ಬಂದದ್ದು ಒಂದು ಸ್ಟೀಲ್ ಡಬ್ಬಿ. ಅದರ ಮುಚ್ಚಳವೂ ಸರಿ ಕೂರುವುದಿಲ್ಲ.

"ಅಂದಾಜಿಗೆ ಐದು ಸಲ ಪುಡಿ ಮಾಡಿದೆವು. ಅಪ್ಪ ಒಂದು ಚಮಚ ಬಾಯಿಗೆ ಹಾಕ್ತಾರೆ, ಚಮಚ ಕೆಳಗಿಡ್ತಾರೆ. ಅಷ್ಟೇ. ಹೋದ ವರ್ಷದಿಂದ ಅಪ್ಪ ಸಾರು ಅನ್ನ ಉಣ್ಣಲಿಲ್ಲ ಟೀಚರ್. ಮುಂದಿನ ತಿಂಗಳು, ಎರಡನೇ ಭಾನುವಾರ, ಅಜ್ಜಿಗೆ ವರ್ಷ ತುಂಬ್ತದೆ. ಆ ದಿನ ಅಪ್ಪನಿಗೆ ಆ ಸಾರು ಬಡಿಸ್ಬೇಕು."

ಅವನ ಧ್ವನಿ ಬದಲಾಗಲಿಲ್ಲ. ಆದರೆ ನೋಟುಬುಕ್ಕಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಲೇ ಇದ್ದ. ಚೈತನ್ಯಾಳ ಸಿಟ್ಟು ಅರ್ಧ ಇಳಿಯಿತು.

"ಒಟ್ಟು ತೂಕ ಎಲ್ಲಾದರೂ ಬರೆದುಂಟಾ?"

ಉಂಟು! ಹೋಟೆಲಿನ ಉಗ್ರಾಣ ನೋಡಿಕೊಳ್ಳುವ ಮುಂಡಪ್ಪ, ಅಜ್ಜಿಗೆ ಕೊಡುವ ಕೊತ್ತಂಬರಿಯನ್ನು ತೂಗಿಯೇ ಕೊಡುತ್ತಿದ್ದ. ಆ ತೂಕ ಪ್ರತಿ ಪುಟದ ಮೂಲೆಯಲ್ಲಿತ್ತು.

ಸಾರಿನ ಪುಡಿಗೆ ಚೊಂಬು ಎರಡು, ಲೋಟ ಎರಡು, ಬಟ್ಟಲು ಒಂದು. ಕೊತ್ತಂಬರಿ ಒಂದು ಕಿಲೋ ಒಂಬೈನೂರ ಐವತ್ತು ಗ್ರಾಂ.

ಹುಳಿಪುಡಿಗೆ ಚೊಂಬು ಎರಡು, ಲೋಟ ಮೂರು, ಬಟ್ಟಲು ಎರಡು. ಎರಡು ಕಿಲೋ ಇನ್ನೂರು.

ಗಸಿಯ ಪುಡಿಗೆ ಚೊಂಬು ಮೂರು, ಲೋಟ ಒಂದು, ಬಟ್ಟಲು ಎರಡು. ಎರಡು ಕಿಲೋ ಮುನ್ನೂರು.

ಚೈತನ್ಯಾಳ ಮುಖ ಅರಳಿತು. "ಅರೇ, ಇದು ನಮ್ಮ ಟೆಂತ್‌ನವರದ್ದೇ ಲೆಕ್ಕ! ಅವರಿಗೆ ಗೊತ್ತಿಲ್ಲದ್ದು ಎರಡು, ನಿಮಗೆ ಮೂರು. ಗೊತ್ತಿಲ್ಲದ್ದು ಮೂರಿದ್ದರೆ ಸಮೀಕರಣ ಮೂರು ಬೇಕು. ಮೂರೂ ಇದೆ. ಚೊಂಬಿಗೆ ಎಷ್ಟು ಕೊತ್ತಂಬರಿ ಹಿಡೀತದೆ ಅಂತ ಗೊತ್ತಾದ್ರೆ ಅಷ್ಟೇ ಹಿಡಿಯುವ ಬೇರೆ ಚೊಂಬು ಹುಡುಕಿದ್ರಾಯ್ತು. ಮತ್ತೆ ಮೆಣಸು, ಜೀರಿಗೆ, ಮೆಂತೆ ಎಲ್ಲ ಅದರಲ್ಲೇ ಅಳೀಬಹುದು. ಹತ್ತು ನಿಮಿಷದ ಕೆಲಸ. ಕೂತ್ಕೊಳ್ಳಿ."

ಬೋರ್ಡಿನ ಮೇಲೆ ಚಾಕ್ ಓಡಿತು. ಎರಡನೆಯದರಿಂದ ಮೊದಲನೆಯದನ್ನು ಕಳೆದಳು. ಚೊಂಬು ಹೋಯಿತು. ಉಳಿದದ್ದು ಒಂದು ಲೋಟ, ಒಂದು ಬಟ್ಟಲು. ಎರಡೂ ಸೇರಿ ಇನ್ನೂರೈವತ್ತು ಗ್ರಾಂ. ಭಲೇ! ಮೂರನೆಯದನ್ನು ತಂದು ಸೇರಿಸಿದಳು, ಗುಣಿಸಿದಳು, ಕಳೆದಳು. ಲೋಟ ಸಿಕ್ಕಿತು. ಮುನ್ನೂರು.

ಚಾಕ್ ನಿಂತಿತು.

ಎರಡೂ ಸೇರಿ ಇನ್ನೂರೈವತ್ತು. ಲೋಟ ಒಂದೇ ಮುನ್ನೂರು. ಹಾಗಾದರೆ ಬಟ್ಟಲು...?

"ಮೈನಸ್ ಐವತ್ತು," ಎಂದಳು ಚೈತನ್ಯಾ, ತನ್ನ ಕಿವಿಯನ್ನೇ ನಂಬದೆ.

"ಮೈನಸ್ ಐವತ್ತು ಗ್ರಾಂ ಹಿಡಿಯುವ ಬಟ್ಟಲು ಪೇಟೆಯಲ್ಲಿ ಸಿಗ್ತದಾ?" ಎಂದು ಕೇಳಿದ ಲತೇಶ್. ತಮಾಷೆಯೋ, ನಿಜವಾಗಿ ಕೇಳಿದ್ದೋ, ಆ ಮುಖ ನೋಡಿ ಹೇಳಲು ಬ್ರಹ್ಮನಿಗೂ ಸಾಧ್ಯವಿರಲಿಲ್ಲ.

ಅವಳು ಮತ್ತೆ ಮಾಡಿದಳು. ಬೇರೆ ದಾರಿಯಿಂದ ಮಾಡಿದಳು. ಚೊಂಬು ಏಳುನೂರು, ಲೋಟ ಮುನ್ನೂರು, ಬಟ್ಟಲು ಮೈನಸ್ ಐವತ್ತು. ಮೂರು ಸಲವೂ ಅದೇ ಶನಿ!

"ಗಣಿತ ತಪ್ಪುವುದಿಲ್ಲ. ನಿಮ್ಮ ಅಜ್ಜಿ ತಪ್ಪು ಬರೆದಿದ್ದಾರೆ."

ಲತೇಶ್ ಎದ್ದ. ನೋಟುಬುಕ್ಕನ್ನು ಮೆಲ್ಲಗೆ ಚೀಲಕ್ಕೆ ಹಾಕಿದ.

"ಅಜ್ಜಿ ತಪ್ಪು ಬರೀಲಿಕ್ಕಿಲ್ಲ ಟೀಚರ್. ಬುಧವಾರ ಬರ್ತೇನೆ."

* * *

ಬುಧವಾರ ಬಂದ. ಶುಕ್ರವಾರ ಬಂದ. ಮತ್ತೆ ಸೋಮವಾರ. ಕೊನೆಯ ಬ್ಯಾಚು ಬಿಟ್ಟು ಮಕ್ಕಳು ಮೆಟ್ಟಿಲಿಳಿಯುವ ಹೊತ್ತಿಗೆ ಠಾಣೆಯಿಂದ ಬರುವ ಸ್ಲೋ ಲೋಕಲ್ ರೈಲಿನಲ್ಲಿ ಬಂದಿಳಿದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ.

ಅವಳು ಪ್ರಶ್ನೆ ಕೇಳುತ್ತಿದ್ದಳು. ಅವನು ಕೇಳಿದ್ದಕ್ಕೆ ಮಾತ್ರ, ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುತ್ತಿದ್ದ.

"ಲೋಟ ತಲೆಸವರಿ ಅಳೆಯುತ್ತಿದ್ದರಾ, ರಾಶಿ ಹಾಕಿ ಅಳೆಯುತ್ತಿದ್ದರಾ?"

"ತಲೆಸವರಿ."

"ಮುಂಡಪ್ಪನವರ ತಕ್ಕಡಿ?"

"ಸರಿ ಉಂಟು."

"ಕೊತ್ತಂಬರಿ ಉಳೀತಿತ್ತಾ?"

"ಒಂದು ಕಾಳೂ ಇಲ್ಲ."

"ಬೇರೆ ಏನಾದರೂ ಗೊತ್ತುಂಟಾ ನಿಮಗೆ? ಏನಾದರೂ?"

"ಏನಾದರೂ ಅಂದ್ರೆ ಎಂತದ್ದು?"

ಅಯ್ಯೋ ದೇವರೇ! ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ! ಚೈತನ್ಯಾ ಎರಡು ಕೈಯಿಂದಲೂ ಹಣೆ ಹಿಡಿದುಕೊಳ್ಳುತ್ತಿದ್ದಳು.

ಆದರೆ ಇದೇ ಮನುಷ್ಯ ಎರಡನೆಯ ದಿನ ಬರುವಾಗ ಚೀಲದಲ್ಲಿ ಒಂದು ಹೊಸ ಹತ್ತಿಬಟ್ಟೆ ತಂದಿದ್ದ. ಅವಳು ಡಸ್ಟರ್ ಎತ್ತುವ ಮೊದಲೇ ಬಟ್ಟೆಯನ್ನು ನೀರಲ್ಲಿ ಹಿಂಡಿ ಬೋರ್ಡ್ ಒರೆಸಿದ. ಧೂಳೇ ಏಳಲಿಲ್ಲ. ಮೊದಲ ದಿನ ಅವಳು ಎರಡು ಸಲ ಕೆಮ್ಮಿದ್ದನ್ನು, ಆ ಬೈಗುಳದ ಮಳೆಯಲ್ಲೂ, ಅವನು ನೋಡಿದ್ದ. ಅವತ್ತಿನಿಂದ ಬೋರ್ಡ್ ಒರೆಸುವುದು ಅವನದ್ದೇ ಕೆಲಸವಾಯಿತು. ಅವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಪ್ರತಿ ಸಲ ಕಾಗದದಲ್ಲಿ ಸುತ್ತಿದ ಎರಡು ಬನ್ಸ್ ತರುತ್ತಿದ್ದ. ಅವಳು ಬೆಳಗಿನ ಹನ್ನೊಂದಕ್ಕೆ ಉಂಡವಳು ಎಂದು ಯಾರು ಹೇಳಿದರೋ!

ಮೂರನೆಯ ವಾರದ ಬುಧವಾರ ದಿವಾ ಸ್ಟೇಷನ್ನಿನ ಹತ್ತಿರ ಲೋಕಲ್ ನಿಂತುಬಿಟ್ಟಿತು. ಆರೂವರೆಗೆ ಬರಬೇಕಾದವನು ಏಳೂವರೆಯಾದರೂ ಇಲ್ಲ. ಚೈತನ್ಯಾ ಬ್ಯಾಗ್ ಹೆಗಲಿಗೇರಿಸಿದಳು, ಇಳಿಸಿದಳು. ಕಿಟಕಿಗೆ ಹೋದಳು, ಬಂದಳು. 'ನನಗೇನು? ಬರಲಿ, ಬಿಡಲಿ. ಅವನ ಅಜ್ಜಿ, ಅವನ ಬಟ್ಟಲು...' ಎಂದು ತನ್ನಲ್ಲೇ ಗೊಣಗಿಕೊಂಡಳು. ಕೊನೆಗೆ ನೋಡಿದರೆ ಅವಳೇ ಮೇಜಿನ ಎದುರು ಎರಡು ಕುರ್ಚಿ ಹಾಕಿದ್ದಳು. ಯಾವಾಗ ಹಾಕಿದೆ ಎಂದು ಅವಳಿಗೇ ತಿಳಿಯಲಿಲ್ಲ.

ಅವನು ಬೆವರಿನಲ್ಲಿ ತೊಯ್ದು ಮೆಟ್ಟಿಲು ಹತ್ತಿ ಬಂದಾಗ ಅವಳು ಬಾಗಿಲಿಗೇ ಓಡಿದಳು. ಹಳಿಯ ಮೇಲೆ ಇಳಿದು ನಡೆದೇ ಬಂದಿದ್ದನಂತೆ. ಅದನ್ನೂ ಅವಳು ಕೇಳಿದ ಮೇಲೇ ಹೇಳಿದ್ದು.

"ಹಳಿ ಮೇಲೆ? ತಲೆ ಸರಿ ಉಂಟಾ ನಿಮಗೆ?"

"ಬುಧವಾರ ಅಲ್ವಾ ಟೀಚರ್," ಎಂದ.

ಆ ರಾತ್ರಿ ಚೈತನ್ಯಾ ಒಪ್ಪಿಕೊಂಡಳು. ಹೌದು, ಅವಳಿಗೆ ಈ ಮೂಕಬಸವನ ಮೇಲೆ ಮನಸ್ಸಾಗಿದೆ! ಆದರೆ ಅವನಿಗೆ? ಅವನು ಬರುವುದು ಪುಡಿಗಾಗಿಯೋ, ತನಗಾಗಿಯೋ? ಪುಡಿಯ ಲೆಕ್ಕಕ್ಕೆ ಮೂರು ಸಮೀಕರಣವಾದರೂ ಇದ್ದವು. ಈ ಮನುಷ್ಯನ ಮನಸ್ಸಿನ ಬಗ್ಗೆ ಅರ್ಧ ಸಾಲೂ ಇಲ್ಲ.

* * *

ಹೀಗಿರುವಾಗ ಜಯಲತಾ ಒಂದು ಸುದ್ದಿ ತಂದರು. ಸಾನಪಾಡಾದ ಸಂಬಂಧ. ಹುಡುಗ ಹಿತೇಶ್, ವಾಶಿಯಲ್ಲಿ ಒಳ್ಳೆಯ ಕೆಲಸ, ಸ್ವಂತ ಫ್ಲ್ಯಾಟ್. ಭಾನುವಾರ ಸಂಜೆ ನೋಡಲು ಬರುತ್ತಾರೆ. ಎರಡನೆಯ ಭಾನುವಾರ!

"ಇಪ್ಪತ್ತಾರು ಆಯ್ತು ಮಗಾ. ಈ ಸಲ ಇಲ್ಲ ಅನ್ಲಿಕ್ಕೆ ಒಂದು ಕಾರಣ ಹೇಳು, ನಾನು ಸುಮ್ಮನಿರ್ತೇನೆ. ಕಾರಣ ಉಂಟಾ?"

ಚೈತನ್ಯಾ ಉತ್ತರಪತ್ರಿಕೆ ತಿದ್ದಲು ಕೂತಳು. ಕಾರಣ ಇದೆ, ಅಮ್ಮ. ಕೋಪರಿಯಲ್ಲಿದೆ. ಆದರೆ ಆ ಕಾರಣ ಬಾಯಿ ಬಿಡುವುದಿಲ್ಲವಲ್ಲ!

ಶುಕ್ರವಾರ ಸಂಜೆ. ಇನ್ನು ಉಳಿದದ್ದು ಎರಡೇ ದಿನ. ಬಟ್ಟಲು ಇನ್ನೂ ಮೈನಸ್ ಐವತ್ತರಲ್ಲೇ ಕೂತಿತ್ತು. ಲತೇಶ್ ಬೋರ್ಡ್ ಒರೆಸುತ್ತಿದ್ದ.

"ಭಾನುವಾರ ನನ್ನನ್ನು ನೋಡ್ಲಿಕ್ಕೆ ಬರ್ತಾರೆ," ಎಂದಳು ಅವಳು, ಅವನ ಬೆನ್ನಿಗೆ.

ಒರೆಸುತ್ತಿದ್ದ ಕೈ ನಿಂತಿತು.

"ಸಾನಪಾಡಾದವರು. ಹಿತೇಶ್ ಅಂತ. ಅವರ ಆಫೀಸಿಗೆ ನಿಮ್ಮ ಹೋಟೆಲಿನಿಂದಲೇ ತಿಂಡಿ ಹೋಗುದಂತೆ, ನಿಮ್ಮ ಚಿಕ್ಕಮ್ಮ ಹೇಳಿದರು. ಹುಡುಗ ಹೇಗೆ?"

ಹೇಳು ಲತೇಶ್. 'ಬೇಡ' ಅಂತ ಹೇಳು. ಕೆಟ್ಟವನು, ಕುಡುಕ, ಕಿವುಡ, ಏನಾದರೂ ಹೇಳು...!

ಅವನು ತಿರುಗಲಿಲ್ಲ. ಬೋರ್ಡಿಗೇ ಹೇಳಿದ, "ಒಳ್ಳೆಯವನು. ಕುಡಿತ ಇಲ್ಲ. ತಾಯಿಯನ್ನು ಚೆನ್ನಾಗಿ ನೋಡಿಕೊಳ್ತಾನೆ."

ಚೈತನ್ಯಾಳ ಕಣ್ಣು ಉರಿಯಿತು. ಧೂಳಿನಿಂದ ಅಂತೂ ಅಲ್ಲ.

"ಅಷ್ಟೇನಾ?"

"ಅಷ್ಟೇ."

"ಬಸ್! ಸಾಕು! ನನ್ನ ತಲೆ ತಿಂದದ್ದು ಸಾಕು! ನಾಲ್ಕು ವಾರದಿಂದ ನಾನು ಕೇಳುದು, ನೀವು ಹೂಂ ಅನ್ನುದು. ನಿಮ್ಮ ಅಜ್ಜಿಯ ಬುಕ್ಕೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ನೀವೂ ಹಾಗೇ! ಇನ್ನು ಬರಬೇಡಿ. ಈ ಲೆಕ್ಕಕ್ಕೆ ಉತ್ತರ ಇಲ್ಲ. ಹೋಗಿ!"

ಅವನು ಬಟ್ಟೆಯನ್ನು ಹಿಂಡಿ, ಕಿಟಕಿಯ ಸರಳಿಗೆ ಹರವಿದ. ಬನ್ಸಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟ. ಚಪ್ಪಲಿ ಮೆಟ್ಟಿ ಇಳಿದುಹೋದ. ನೋಟುಬುಕ್ಕು ಮಾತ್ರ ಮೇಜಿನ ಮೇಲೇ ಉಳಿಯಿತು.

ಚೈತನ್ಯಾ ಬನ್ಸ್ ತಿನ್ನುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ಕೋಪ ಬಂದರೂ ಹಸಿವು ಹಸಿವೇ ತಾನೇ!

* * *

ಶನಿವಾರ ಬೆಳಿಗ್ಗೆ ಅವಳಿಗೆ ಎಚ್ಚರವಾದದ್ದು ಅಡುಗೆಮನೆಯ ಸದ್ದಿಗೆ. ಜಯಲತಾ ನಾಳೆ ಬರುವವರಿಗೆ ದೋಸೆಯ ಅಕ್ಕಿ ಅಳೆಯುತ್ತಿದ್ದರು.

"ಲಾಭ... ಎರಡು... ಮೂರು... ನಾಲ್ಕು..."

ಹುಟ್ಟಿದಂದಿನಿಂದ ಕೇಳಿದ ಎಣಿಕೆ. ಅಳೆಯಲು ಕೂತಾಗ ಮೊದಲನೆಯ ಅಳತೆಗೆ ಒಂದು ಎನ್ನಬಾರದು, ಲಾಭ ಎನ್ನಬೇಕು. ಶುಭಕ್ಕೆ. ಚೈತನ್ಯಾ ಮುಸುಕು ಎಳೆದುಕೊಂಡಳು. ಮರುಗಳಿಗೆ ಮುಸುಕು ಕಿತ್ತೆಸೆದು ಎದ್ದು ಕೂತಳು.

"ಅಮ್ಮ! ಲಾಭ ಅಂದ್ರೆ ಒಂದು ತಾನೇ? ಎಲ್ಲರ ಮನೆಯಲ್ಲೂ ಹಾಗೇನಾ?"

"ನಮ್ಮಲ್ಲಿ ಹಾಗೆ. ಆ ನಳಿನಾಕ್ಷಿಯದ್ದು ಬೇರೆಯೇ. ಲಾಭ ಅಂತಾಳೆ, ಮತ್ತೆ ಒಂದು, ಎರಡು ಅಂತ ಶುರು ಮಾಡ್ತಾಳೆ! ಮಂಡಳಿಯ ಪಾಯಸಕ್ಕೆ ಯಾವಾಗ್ಲೂ ಒಂದು ಪಾವು ಅಕ್ಕಿ ಹೆಚ್ಚು. ಕೇಳಿದ್ರೆ, ನಮ್ಮ ಅತ್ತೆ ಹಾಗೇ ಎಣಿಸುದು, ಲಾಭ ದೇವರದ್ದು, ಅದಕ್ಕೆ ಎಣಿಕೆ ಇಲ್ಲ ಅಂತಾಳೆ."

ನಳಿನಾಕ್ಷಿಯ ಅತ್ತೆ ಎಂದರೆ... ಅಕ್ಕಜ್ಜಿ!

ಚೈತನ್ಯಾ ಪೇಪರಿನ ಅಂಚಿನಲ್ಲೇ ಶುರುಮಾಡಿದಳು. ಅಳತೆ ಶುರುವಾಗುವುದು ಚೊಂಬಿನಿಂದ. ಹಾಗಾದರೆ ಅಜ್ಜಿ 'ಚೊಂಬು ಎರಡು' ಎಂದು ಬರೆದಲ್ಲಿ ಹಾಕಿದ್ದು ಮೂರು. ಮೂರು ಎಂದಲ್ಲಿ ನಾಲ್ಕು! ಲೋಟ ಬಟ್ಟಲು ಬರೆದಷ್ಟೇ. ಕಳೆದಳು. ಲೋಟ ಬಟ್ಟಲು ಸೇರಿ ಇನ್ನೂರೈವತ್ತು, ಮೊದಲಿನ ಹಾಗೇ. ಮುಂದೆ ಬಂತು ಲೋಟ... ಇನ್ನೂರು! ಬಟ್ಟಲು ಐವತ್ತು! ಚೊಂಬು ಐನೂರು!

ಮೂರು ಸಾಲಿಗೂ ಹಾಕಿ ನೋಡಿದಳು. ಒಂದು ಗ್ರಾಂ ಆಚೆ ಇಲ್ಲ, ಈಚೆ ಇಲ್ಲ.

"ಅಜ್ಜಿ, ತಪ್ಪಾಯ್ತು!" ಎಂದು ಕಿರುಚಿದಳು. ಜಯಲತಾ ಪಾವು ಕೈಬಿಟ್ಟರು. ಅಕ್ಕಿ ನೆಲಕ್ಕೆ ಚೆಲ್ಲಿತು.

* * *

ಠಾಣೆ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಅವಳು ನೋಟುಬುಕ್ಕು ಹಿಡಿದು ಹೋಟೆಲಿನೊಳಗೆ ನುಗ್ಗಿದಾಗ ಹತ್ತೂವರೆ. ಎಂಟೂ ಟೇಬಲು ಭರ್ತಿ. ಲತೇಶ್ ಕೌಂಟರಿನ ಹತ್ತಿರ ನಿಂತಿದ್ದ. ಮುಖ ನೋಡಿದರೆ ನಿನ್ನೆಯಿಂದ ನಿದ್ದೆ ಮಾಡಿದವನಂತಿರಲಿಲ್ಲ.

"ನಿಮ್ಮ ಅಜ್ಜಿ ಅಳೆಯುವಾಗ ಹೇಗೆ ಎಣಿಸುತ್ತಿದ್ದರು?" ಅವಳು ಏದುಸಿರು ಬಿಡುತ್ತಾ ಕೇಳಿದಳು.

"ಲಾಭ. ಮತ್ತೆ ಒಂದು, ಎರಡು..."

"ಅದನ್ನು ಮೊದಲೇ ಯಾಕೆ ಹೇಳ್ಲಿಲ್ಲ?"

ಇಡೀ ಹೋಟೆಲು ತಿರುಗಿ ನೋಡಿತು. ಒಬ್ಬರ ಕೈಯಲ್ಲಿದ್ದ ಇಡ್ಲಿ ಕೈಯಲ್ಲೇ ಉಳಿಯಿತು.

"ನೀವು ತಲೆಸವರಿಯಾ ಅಂತ ಕೇಳಿದ್ರಿ, ತಕ್ಕಡಿ ಕೇಳಿದ್ರಿ. ಎಣಿಸುದು ಹೇಗೆ ಅಂತ..." ಅವನ ಮಾತು ಅರ್ಧಕ್ಕೇ ನಿಂತಿತು. ಕಣ್ಣು ಅಗಲವಾದವು. "ಟೀಚರ್... ಅದು ಎಣಿಕೆಗೆ ಇಲ್ಲ. ಬುಕ್ಕಿಗೂ ಬರ್ಲಿಲ್ಲ!"

"ಬರ್ಲಿಲ್ಲ!" ಎಂದಳು ಚೈತನ್ಯಾ, ನಗುತ್ತಾ, ಅಳುತ್ತಾ. "ಐನೂರು, ಇನ್ನೂರು, ಐವತ್ತು! ಬೇಗ ಪಾತ್ರೆ ಹುಡುಕಿ!"

ಮುಂಡಪ್ಪ ತಕ್ಕಡಿ ತಂದ. ಐನೂರು ಗ್ರಾಂ ಕೊತ್ತಂಬರಿ ಸರಿಯಾಗಿ ಹಿಡಿಯುವ ಚೊಂಬು, ಕೌಂಟರಿನ ಹಿಂದಿನ ದೇವರ ಗೂಡಿನಲ್ಲಿ ಸಿಕ್ಕಿತು. ಇನ್ನೂರರ ಲೋಟಕ್ಕೂ ಐವತ್ತರ ಬಟ್ಟಲಿಗೂ ಅಡುಗೆಮನೆಯ ಪಾತ್ರೆಯನ್ನೆಲ್ಲ ಉರುಳಿಸಬೇಕಾಯಿತು. ಲತೇಶ್ ಅಳೆದ. ಮೊದಲ ಚೊಂಬು ಸುರಿಯುವಾಗ "ಲಾಭ" ಎಂದು ಅವನ ತುಟಿ ಅಲುಗಿತು. ಮೆಣಸು, ಜೀರಿಗೆ, ಮೆಂತೆ, ಇಂಗು. ಹುರಿಯುವ ಘಾಟಿಗೆ ಚೈತನ್ಯಾ ಕೆಮ್ಮಿದಳು. ಒಂದು ಕೈಯಲ್ಲಿ ಸಟ್ಟುಗ, ಇನ್ನೊಂದು ಕೈಯಿಂದ ಅವನು ಕಿಟಕಿ ತೆರೆದ.

ಮಧ್ಯಾಹ್ನ ಪ್ರೇಮನಾಥರು ಊಟಕ್ಕೆ ಕೂತರು. ತೆಳ್ಳಗಿನ, ಬೆಳ್ಳಗಿನ ಮನುಷ್ಯ. ಲತೇಶನ ಅಪ್ಪ ಎಂದು ಹೇಳಬೇಕಾಗಿರಲಿಲ್ಲ, ಅವರದ್ದೂ ಬಾಯಿಗೆ ಬೀಗ. ಲತೇಶ್ ಸಾರು ಬಡಿಸಿದ. ಅವರು ಕಲಸಿದರು. ಒಂದು ತುತ್ತು ಬಾಯಿಗೆ ಇಟ್ಟರು.

ಕೈ ತಟ್ಟೆಗೆ ಮರಳುತ್ತದೋ ಇಲ್ಲವೋ ಎಂದು ಚೈತನ್ಯಾ ಅವರ ಕೈಯನ್ನೇ ನೋಡಿದಳು.

ಎರಡನೆಯ ತುತ್ತು. ಮೂರನೆಯದು. ಪ್ರೇಮನಾಥರ ಕಣ್ಣಿಂದ ನೀರು ಇಳಿದು ಗಲ್ಲಕ್ಕೆ ಬಂತು. ಅವರು ಒರೆಸಿಕೊಳ್ಳಲಿಲ್ಲ. ತಟ್ಟೆಯನ್ನು ಮಗನತ್ತ ಸ್ವಲ್ಪ ಸರಿಸಿದರು.

"ಇನ್ನೊಂಚೂರು ಅನ್ನ ಹಾಕು. ನಾಳೆ ಅಮ್ಮನ ಎಡೆಗೂ ಇದೇ ಪುಡಿ."

ಒಂದು ವರ್ಷದಲ್ಲಿ ಮೊದಲ ಬಾರಿಗೆ ಅವರು ಮತ್ತೆ ಅನ್ನ ಹಾಕಿಸಿಕೊಂಡರು. ಲತೇಶ್ ಬಡಿಸುವ ನೆಪದಲ್ಲಿ ಮುಖ ಆಚೆ ತಿರುಗಿಸಿದ.

* * *

ನಾಲ್ಕು ಗಂಟೆಗೆ ಅವಳನ್ನು ಸ್ಟೇಷನ್ನಿಗೆ ಬಿಡಲು ಬಂದ. ಪ್ಲಾಟ್‌ಫಾರಂನಲ್ಲಿ ಒಂದು ಮಾರು ದೂರದಲ್ಲಿ ನಿಂತ. ಮೊದಲ ಲೋಕಲ್ ಬಂತು, ಹೋಯಿತು. ಚೈತನ್ಯಾ ಹತ್ತಲಿಲ್ಲ.

'ಇವನು ತಾನಾಗಿ ಹೇಳುವವನಲ್ಲ. ಸರಿಯಾದದ್ದನ್ನು ಕೇಳದೆ ಇಷ್ಟು ದಿನ ತಕ್ಕಡಿಯನ್ನೂ ಮುಂಡಪ್ಪನನ್ನೂ ಅನುಮಾನಿಸಿದೆ. ಇವತ್ತೂ ಕೇಳದಿದ್ದರೆ ನಾಳೆ ಸಾನಪಾಡಾದವರಿಗೆ ದೋಸೆ ಬಡಿಸಬೇಕು.'

"ಲತೇಶ್. ಒಂದು ಕೇಳ್ತೇನೆ."

"ಕೇಳಿ ಟೀಚರ್."

"ನಾಳೆ ಹಿತೇಶ್ ಬಂದು ನನ್ನನ್ನು ಒಪ್ಪಿದ್ರೆ... ನಿಮಗೆ ಎಂತ ಆಗ್ತದೆ?"

ಅವನು ಹಳಿಗಳನ್ನು ನೋಡಿದ. ಮತ್ತೆ, ನಾಲ್ಕು ವಾರದಲ್ಲಿ ಮೊದಲ ಬಾರಿಗೆ, ಲತೇಶ್ ಮಾತಾಡಿದ.

"ನಿನ್ನೆ ನೀವು ಹುಡುಗ ಹೇಗೆ ಅಂತ ಕೇಳಿದ್ರಿ. ಸುಳ್ಳು ಹೇಳ್ಲಿಕ್ಕೆ ಬರ್ಲಿಲ್ಲ. ಅವನು ನಿಜವಾಗಿ ಒಳ್ಳೆಯವನು, ಅದೇ ನನಗೆ ಸಂಕಟ. ಹೇಳಿ ಮುಗಿಸಿ ಮೆಟ್ಟಿಲು ಇಳಿದವನಿಗೆ ಯಾವ ಲೋಕಲ್ ಹತ್ತಿದೆ ಅಂತ ಗೊತ್ತಿಲ್ಲ. ಠಾಣೆಗೆ ಹೋಗುವ ಬದಲು ಲೈನಿನ ಆ ತುದಿಗೆ, ಕಸಾರಾಕ್ಕೆ ಹೋಗಿ ಮುಟ್ಟಿದೆ! ಅಮ್ಮ ಸಣ್ಣದರಲ್ಲೇ ಹೋದರು. ಸಾಕಿದ್ದು ಅಜ್ಜಿ. ಕೇಳದೆ ಏನೂ ಹೇಳ್ಬಾರ್ದು, ಕೇಳದೆ ಏನೂ ತೆಗೀಬಾರ್ದು ಅಂತ ಕಲಿಸಿದ್ದು ಅವರೇ. ನಾಳೆ ನೀವು ಹೂಂ ಅಂದ್ರೆ... ನಾನು ಸೋಮವಾರ, ಬುಧವಾರ, ಶುಕ್ರವಾರ ಎಂತ ಮಾಡುದು ಟೀಚರ್? ಉಳಿದ ದಿನ ಹೇಗಾದ್ರೂ ಹೋಗ್ತದೆ. ಆ ಮೂರು ದಿನ ಎಲ್ಲಿಗೆ ಹೋಗ್ಲಿ?"

ಚೈತನ್ಯಾಳ ಕಣ್ಣು ತುಂಬಿ ಬಂತು. ಕೋಪವೂ ಬಂತು. ಎರಡೂ ಒಟ್ಟಿಗೇ.

"ಇಷ್ಟೆಲ್ಲ ಒಳಗಿಟ್ಟುಕೊಂಡು... ಅಷ್ಟೇ ಅಂದ್ರಲ್ಲ ನಿನ್ನೆ! ಅಷ್ಟೇ!"

ಅವಳು ಫೋನ್ ತೆಗೆದು ಮನೆಗೆ ಹಚ್ಚಿದಳು. "ಅಮ್ಮ, ಸಾನಪಾಡಾದವರಿಗೆ ನಾಳೆ ಬರಬೇಡಿ ಅಂತ ಹೇಳು. ಕಾರಣ ಕೇಳಿದ್ಯಲ್ಲ, ಸಿಕ್ಕಿತು."

"ಎಂತ ಕಾರಣ? ಎಲ್ಲಿದ್ದೀ ನೀನು? ಅಕ್ಕಿ ನೆನೆ ಹಾಕಿದ್ದೇನೆ ಮಾರಾಯ್ತಿ!"

ಅವಳು ಉತ್ತರ ಹುಡುಕುವಷ್ಟರಲ್ಲಿ ಲತೇಶ್ ಕೈ ಚಾಚಿ ಫೋನ್ ತೆಗೆದುಕೊಂಡ. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ!

"ಆಂಟಿ, ನಾನು ಲತೇಶ್, ನಳಿನಾಕ್ಷಿ ಚಿಕ್ಕಮ್ಮನ ಭಾವನ ಮಗ. ನಿಮ್ಮ ಮಗಳನ್ನು ಮದುವೆ ಆಗ್ಬೇಕು ಅಂತ ಉಂಟು. ಅಪ್ಪನನ್ನು ಕರ್ಕೊಂಡು ಸೋಮವಾರ ಬರ್ತೇನೆ. ನೀವು ಕೇಳುವ ಮೊದಲೇ ಹೇಳಿದ್ದೇನೆ."

ಆಚೆ ಕಡೆ ಜಯಲತಾ ಕುರ್ಚಿ ಎಳೆದು ಕೂತ ಸದ್ದು ಬಂತು. "ಬನ್ನಿ," ಎಂದರು ಮತ್ತೆ. "ಆದರೆ ನಳಿನಾಕ್ಷಿಯ ಕೈಯಲ್ಲಿ ಅಕ್ಕಿ ಅಳೆಸುದು ಬೇಡ."

ಫೋನ್ ವಾಪಸು ಕೊಡುವಾಗ ಅವನ ಬೆರಳು ಅವಳ ಕೈಗೆ ತಾಗಿತು. ಚೈತನ್ಯಾ ಆ ಬೆರಳನ್ನು ಬಿಡಲಿಲ್ಲ. ಎರಡನೆಯ ಲೋಕಲ್ ಬಂತು. ಅದೂ ಹೋಯಿತು.

"ಹನ್ನೆರಡು ಸಂಜೆ!" ಅವಳು ಮೂಗೆಳೆದುಕೊಂಡು ಗದರಿದಳು. "ಹನ್ನೆರಡು ಸಂಜೆ ನನ್ನ ಎದುರು ಕೂತು ಒಂದು ಮಾತು ಹೇಳ್ಲಿಲ್ಲ ನೀವು."

"ಹನ್ನೊಂದು," ಎಂದ ಲತೇಶ್.

"ಹನ್ನೆರಡು! ನಾಲ್ಕು ವಾರ, ವಾರಕ್ಕೆ ಮೂರು. ಲೆಕ್ಕ ನನಗೆ ಕಲಿಸ್ಬೇಡಿ!"

ಅವನು ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು.

"ನೀವು ಬೈದ ದಿನ ಉಂಟಲ್ಲ ಟೀಚರ್... ಆ ಮೊದಲನೆಯದು. ಅದು ಲಾಭ."